ಒಂದು ಕಿವಿಯ ಎಚ್ಚರ

ನಮ್ಮೂರಿನಲ್ಲಿ ಬಹಳ ವರ್ಷ ಯಾರಿಗೂ ಸಿಳ್ಳೆ ಹೊಡೆಯಲು ಬರುತ್ತಿರಲಿಲ್ಲ. ಕೆಳಗಿನ ಓಣಿಯ ಬೀರಪ್ಪ ಎಂಬಾತ ಎರಡು ಬೆರಳು ಬಾಯಿಗಿಟ್ಟು ಕುರಿಗಳನ್ನು ಕರೆಯುವ ವಿಧಾನಕ್ಕೆ ಪೇಟೆಂಟು ಪಡೆದಿದ್ದ. ಕಚೇರಿಯ ಮುದ್ರೆ ಬಿದ್ದ ಗಳಿಗೆಯಿಂದ ಉಳಿದವರು ಬೆರಳು ಬಾಯಿಗಿಟ್ಟರೆ ಬರೀ ಗಾಳಿ ಬರುತ್ತಿತ್ತು, ಜೊತೆಗೆ ಒಂದಿಷ್ಟು ಉಗುಳು. ಅದಕ್ಕೆಂದು ಯಾರೂ ಎದೆ ಬಡಿದುಕೊಳ್ಳಲಿಲ್ಲ. ಕುರಿಯವರು ತಗಡಿನ ಡಬ್ಬ ಬಡಿದರು, ಪೋಲಿಗಳು ಕೆಮ್ಮಿ ಕೆಲಸ ಸಾಗಿಸಿದರು. ತೀರ ಬೇಕಾದವರು ಬೀರಪ್ಪನ ಕಟ್ಟೆಯ ಮುಂದೆ ಹೋಗಿ ನಿಂತರೆ, ಮನಸ್ಸಾದಾಗ ಅವನು ಅವರ ಹೆಸರು ಹಿಡಿದು ‘ನಿನಗ ಕೊಟ್ಟೇನಿ’ ಎನ್ನುತ್ತಿದ್ದ. ಆಗ ಅವರ ಬಾಯಿಗೆ ಸಿಳ್ಳೆ ಮರಳುತ್ತಿತ್ತು. ಪೇಟೆಂಟಿನ ಅವಧಿ ಮುಗಿದ ದಿನ ಬೆಳಿಗ್ಗೆ ಊರಿಗೆ ಊರೇ ಸಿಳ್ಳೆ ಹೊಡೆಯುತ್ತ ಎದ್ದಿತು. ಹಲ್ಲಿಲ್ಲದ ಮುದುಕಿಯರೂ ಬಿಡಲಿಲ್ಲ. ಆ ದಿನ ನಾನೂ ತುಟಿ ನೋಯುವಷ್ಟು ಹೊಡೆದೆ.

ನಾನು ಗುರುಶಾಂತ. ಹಾಸಿಗೆ ಹೊಲಿಯುವವನು. ನನ್ನಪ್ಪನೂ ಅದನ್ನೇ ಮಾಡುತ್ತಿದ್ದ. ನಾನು ಚಿಕ್ಕವನಿದ್ದಾಗ ಯಾರೋ ಹಾಸಿಗೆಯ ಮೂಲೆ ಹೊಲಿಗೆಗೆ ಪೇಟೆಂಟು ಪಡೆದುಬಿಟ್ಟರು. ಆ ಮಧ್ಯಾಹ್ನ ಅಪ್ಪ ಅರ್ಧ ಹೊಲಿದ ಹಾಸಿಗೆಯ ಮುಂದೆ ಸೂಜಿ ಹಿಡಿದು ಕೂತವನು ಸೂಜಿಯನ್ನೇ ನೋಡುತ್ತಿದ್ದ. ತನ್ನ ಕೈಯನ್ನು ಯಾರೋ ಬದಲಾಯಿಸಿಕೊಂಡು ಹೋದರೇನೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದ. ಪೇಟೆಂಟಿನ ಒಡೆಯ ಪುಣ್ಯಾತ್ಮ, ಕೇಳಿದ ಕೂಡಲೇ ಅಪ್ಪನ ಹೆಸರು ಹೇಳಿ ಕೊಟ್ಟ. ಆದರೆ ಅಪ್ಪನ ಆ ಮಧ್ಯಾಹ್ನದ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಅಪ್ಪನಿಗೊಂದು ರೂಢಿಯಿತ್ತು. ಹೊಸ ಹಾಸಿಗೆ ಸಿದ್ಧವಾದಾಗಲೆಲ್ಲ ನನ್ನನ್ನು ಎತ್ತಿ ಅದರ ಮೇಲೆ ಮಲಗಿಸುತ್ತಿದ್ದ. ನನ್ನ ಕಿವಿಯ ಪಕ್ಕದಲ್ಲಿ ಹತ್ತಿಯ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ, ‘ಸಾಕ್ ಬಿಡು, ಮಲಕೋ’ ಎನ್ನುತ್ತಿದ್ದ. ನಾನು ಆಟ ಬಿಟ್ಟು ಅಲ್ಲೇ ಕಣ್ಣು ಮುಚ್ಚಿದರೆ ಹಾಸಿಗೆ ಪಾಸಾಯಿತು ಎಂದರ್ಥ. ಆಮೇಲೆ ಒಂದು ದಿನ ಅಪ್ಪ ತಾನೇ ಹೊಲಿದ ಹಾಸಿಗೆಯ ಮೇಲೆ ಮಲಗಿದವನು ಏಳಲಿಲ್ಲ. ನಿದ್ದೆಯಲ್ಲಿ ಉಸಿರು ನಿಂತಿತ್ತು. ಅವ್ವ ತವರಿಗೆ ಹೋಗಿದ್ದಳು, ಪಕ್ಕದಲ್ಲಿ ಯಾರೂ ಇರಲಿಲ್ಲ. ನಮ್ಮ ಮನೆಯ ಗಂಡಸರಿಗೆ ಇದು ಮೂಗು ಕಿವಿಯಂತೆ ವಂಶದಲ್ಲೇ ಬಂದದ್ದು. ನಿದ್ದೆ ಆಳವಾದಾಗ ಉಸಿರು ನಿಲ್ಲುತ್ತದೆ, ಪಕ್ಕದಲ್ಲಿದ್ದವರು ಅಲುಗಾಡಿಸಿದರೆ ಮತ್ತೆ ಶುರುವಾಗುತ್ತದೆ. ಅಲುಗಾಡಿಸುವವರು ಇಲ್ಲದಿದ್ದರೆ ಇಲ್ಲ.

ನನ್ನನ್ನು ಅಲುಗಾಡಿಸುತ್ತಿದ್ದವಳು ನನ್ನ ಹೆಂಡತಿ ನೀಲಗಂಗಾ. ನಮಗೆ ಮಕ್ಕಳಿಲ್ಲ. ಹಗಲು ಅವಳು ಪೇಟೆಂಟು ಕಚೇರಿಯಲ್ಲಿ ಪರೀಕ್ಷಕಿ. ಯಾರಾದರೂ ಹೊಸತು ಕಂಡುಹಿಡಿದೆ ಎಂದು ಬಂದರೆ ಅದು ನಿಜವಾಗಿ ಹೊಸತೋ, ಊರಿನಲ್ಲಿ ಮೊದಲೇ ಯಾರಾದರೂ ಮಾಡುತ್ತಿದ್ದಾರೋ ಎಂದು ಹುಡುಕಿ ನೋಡುವುದು ಅವಳ ಕೆಲಸ. ರಾತ್ರಿ ನನ್ನ ಪರೀಕ್ಷೆ. ಗಾಢ ನಿದ್ದೆಯಲ್ಲೂ ಅವಳ ಒಂದು ಕಿವಿ ನನ್ನ ಉಸಿರಿನ ಮೇಲಿರುತ್ತಿತ್ತು. ಉಸಿರು ನಿಂತರೆ ಕಣ್ಣು ತೆರೆದು ನನ್ನ ಭುಜ ಹಿಡಿದು ಅಲುಗಾಡಿಸಿ, ಉಸಿರು ಬಂದದ್ದು ಖಾತ್ರಿಯಾದ ಮೇಲೆ ಮತ್ತೆ ನಿದ್ದೆಗೆ ಜಾರುತ್ತಿದ್ದಳು. ನಾನು ಅರೆನಿದ್ದೆಯಲ್ಲಿ ‘ಏನಾತು?’ ಎಂದರೆ, ‘ಏನಿಲ್ರಿ, ಮಲಕೋರಿ’ ಎನ್ನುತ್ತಿದ್ದಳು. ಬೆಳಿಗ್ಗೆ ಕೇಳಿದರೂ ಅದೇ ‘ಏನಿಲ್ರಿ’. ಬರೀ ಉಸಿರು ನಿಂತದ್ದಷ್ಟೇ, ಅದರಲ್ಲಿ ಹೇಳುವುದೇನಿದೆ ಎಂದು ನಾನೂ ಸುಮ್ಮನಿದ್ದೆ.

ಒಂದು ಸಲ ಮಾತ್ರ ನನಗೆ ಅರ್ಥವಾಗದ್ದೊಂದು ನಡೆಯಿತು. ಮದುವೆಯಾದ ಹೊಸತು. ಅಂಗಡಿಗೆ ಬಂದ ಗಿರಾಕಿಯೊಬ್ಬರ ಮಗು ಹೊಸ ಹಾಸಿಗೆಯ ಮೇಲೆ ಹತ್ತಿ ಕುಣಿಯುತ್ತಿತ್ತು. ನಾನು ಅದನ್ನು ಹಿಡಿದು ಮಲಗಿಸಿ, ಕಿವಿಯ ಪಕ್ಕ ಹಾಸಿಗೆ ತಟ್ಟಿ, ಯೋಚನೆಯೇ ಇಲ್ಲದೆ ‘ಸಾಕ್ ಬಿಡು, ಮಲಕೋ’ ಎಂದೆ. ಒಳಗಿನಿಂದ ಚಹಾ ತರುತ್ತಿದ್ದ ನೀಲಗಂಗಾಳ ಕೈಯಿಂದ ಬಟ್ಟಲು ಜಾರಿ ಬಿತ್ತು. ಗಿರಾಕಿ ಹೋದ ಮೇಲೆ, ‘ಆ ಮಾತು ಎಲ್ಲಿ ಕಲ್ತ್ರಿ?’ ಎಂದು ಕೇಳಿದಳು. ‘ನಮ್ಮಪ್ಪ ಅಂತಿದ್ದ. ಯಾಕ?’ ಎಂದೆ. ಅವಳು ನನ್ನಪ್ಪನನ್ನು ನೋಡಿದವಳೇ ಅಲ್ಲ, ಅವಳು ಈ ಮನೆಗೆ ಬರುವ ಮೊದಲೇ ಅವನು ತೀರಿದ್ದ. ಅವಳು ಒಡೆದ ಬಟ್ಟಲಿನ ಚೂರು ಆರಿಸಿಕೊಂಡು ಒಳಗೆ ಹೋದಳು. ಅಂದಿನಿಂದ ಗೋಡೆಯ ಪಕ್ಕ ಮಲಗುವುದನ್ನು ಬಿಟ್ಟು ಬಾಗಿಲ ಕಡೆಗೆ ಮಲಗತೊಡಗಿದಳು. ಗಾಳಿಗೆ ಇರಬೇಕು ಎಂದುಕೊಂಡೆ.

ನಮ್ಮೂರು ಕಬ್ಬಿಣದ ಕಲ್ಲಿನ ಗುಡ್ಡಗಳ ನಡುವೆ ತಟ್ಟೆಯಂತೆ ಕೂತಿದೆ. ಹೊರಗಿನ ದಾರಿಯೆಂದರೆ ಕಣಿವೆಯ ಮೇಲೆ ಹಗ್ಗದಲ್ಲಿ ತೂಗುತ್ತ ಹೋಗುವ ತೊಟ್ಟಿಲುಗಾಡಿ ಮಾತ್ರ. ಈ ಗುಡ್ಡಗಳ ನಡುವೆ ಒಂದು ಆಂಟೆನಾದ ವೈರ್‌ಲೆಸ್ ಪೆಟ್ಟಿಗೆಗೆ ಏನೂ ಕೇಳಿಸುವುದಿಲ್ಲ. ಎಂಟು ಆಂಟೆನಾ ನಿಲ್ಲಿಸಿ, ಎಂಟೂ ಕೂಡಿ ಆಲಿಸಿದರೆ ಮಾತು ಸಿಕ್ಕೀತು. ಆದರೆ ಎಂಟು ಆಂಟೆನಾಗಳು ಬ್ಯಾಟರಿಯನ್ನು ಬಕಾಸುರನ ಹಾಗೆ ತಿನ್ನುತ್ತವೆ. ಒಮ್ಮೆ ತೊಟ್ಟಿಲುಗಾಡಿ ಕಣಿವೆಯ ನಡುವೆ ಸಿಕ್ಕಿಕೊಂಡಾಗ ಅದರ ಪೆಟ್ಟಿಗೆಯ ಬ್ಯಾಟರಿ ಸತ್ತುಹೋಯಿತು. ಗಾಡಿಯಲ್ಲಿದ್ದವನು ವೈರ್‌ಲೆಸ್ ರಿಪೇರಿಯ ಸಿರಿಯಾಳನ ಅಣ್ಣ. ಮಂಜು ಮುಸುಕಿತ್ತು, ಅವನು ಕೂಗಿದ್ದು ಯಾರಿಗೂ ಕೇಳಲಿಲ್ಲ. ಇಳಿಸುವ ಹೊತ್ತಿಗೆ ಬದುಕಿದ್ದ, ಆದರೆ ಆಮೇಲೆ ಅವನು ಯಾರೊಂದಿಗೂ ಮಾತಾಡಲಿಲ್ಲ.

ಸಿರಿಯಾಳ ಆ ಪೆಟ್ಟಿಗೆಯ ಮುಂದೆ ತಿಂಗಳುಗಟ್ಟಲೆ ಕೂತು ಒಂದು ಉಪಾಯ ಕಂಡುಹಿಡಿದ. ಏಳು ಆಂಟೆನಾ ಮಲಗಿರಲಿ, ಒಂದು ಮಾತ್ರ ಎಚ್ಚರವಿರಲಿ. ಎಲ್ಲವನ್ನೂ ಕೇಳಬೇಕಾಗಿಲ್ಲ, ತನ್ನನ್ನು ಕರೆಯುವ ಸದ್ದೊಂದನ್ನು ಗುರುತು ಹಿಡಿದರೆ ಸಾಕು. ಅದು ಬಂದ ಕೂಡಲೇ ಉಳಿದ ಏಳನ್ನೂ ಎಬ್ಬಿಸಬೇಕು. ಹೀಗೆ ಮಾಡಿದರೆ ಬ್ಯಾಟರಿ ಎಷ್ಟೋ ಪಟ್ಟು ಬಾಳುತ್ತಿತ್ತು. ತೊಟ್ಟಿಲುಗಾಡಿಯವರು ಸಿರಿಯಾಳನನ್ನು ಹೊತ್ತು ಮೆರೆಸುವುದೊಂದು ಬಾಕಿ. ಅವನು ಪೇಟೆಂಟಿಗೆ ಅರ್ಜಿ ಹಾಕಿದ. ಹುಮ್ಮಸ್ಸಿನಲ್ಲಿ ಹೀಗೆ ಬರೆದಿದ್ದ: ‘ಆಲಿಸುವವರ ಯಾವುದೇ ಗುಂಪಿನಲ್ಲಿ ಒಂದನ್ನು ಎಚ್ಚರವಿಟ್ಟು ಉಳಿದವನ್ನು ಮಲಗಿಸಿ, ತಮ್ಮ ಕರೆ ಬಂದಾಗ ಎಬ್ಬಿಸುವ ವಿಧಾನ.’ ಅರ್ಜಿ ಬಂದು ಕೂತದ್ದು ನೀಲಗಂಗಾಳ ಮೇಜಿನ ಮೇಲೆ.

ಆ ಸಂಜೆ ಅವಳು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ನನ್ನ ಹತ್ತಿಯ ರಾಶಿಯ ಮೇಲೆ ಕೂತುಬಿಟ್ಟಳು. ‘ಯಾವುದೇ ಗುಂಪು ಅಂತ ಬರದಾನ್ರಿ’ ಎಂದಳು. ‘ಒಳ್ಳೇ ಮನಷ್ಯಾ, ಕೆಟ್ಟ ಬುದ್ಧಿ ಇಲ್ಲ. ಆದ್ರ ಹಿಂಗs ಮುದ್ರಿ ಬಿದ್ರ ನಾಳಿ ಒಬ್ಬ ತಾಯಿಗೂ ಕೂಸು ಅತ್ತದ್ದು ಕೇಳೂದಿಲ್ಲ.’ ನಾನು ತಮಾಷೆಗೆ, ‘ಚಲೋ ಆತಲ್ಲ, ಹಾಸಿಗಿ ವ್ಯಾಪಾರ ಹೆಚ್ಚಾಕೈತಿ’ ಎಂದೆ. ಅವಳು ನಗಲಿಲ್ಲ. ‘ನಾನೂ ಅದನ್ನs ಮಾಡ್ತೀನಿ. ದಿನಾ. ಮರ್ತಿರೇನು?’ ಎಂದಳು. ಮರೆತಿದ್ದೆ ಎಂದೇ ಹೇಳಬೇಕು. ಉಸಿರಾಡುವವನಿಗೆ ಉಸಿರಿನ ನೆನಪು ಯಾಕಿರುತ್ತದೆ?

ಅವಳು ತನ್ನ ಅಭಿಪ್ರಾಯವನ್ನು ಖಡಾಖಂಡಿತವಾಗಿ ಬರೆದಳು. ಇದು ಹೊಸತಲ್ಲ, ಈ ಆಂಟೆನಾ ಮಾಡುವುದೂ ಮಲಗಿದ ತಾಯಿಯ ಕಿವಿ ಮಾಡುವುದೂ ಒಂದೇ ಕೆಲಸ, ಎರಡಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ, ಹುಟ್ಟಿದ ಮನುಷ್ಯರೆಲ್ಲ ಇದರಿಂದಲೇ ಬದುಕಿದ್ದಾರೆ ಎಂದಳು. ಮುದ್ರಾಧಿಕಾರಿ ಹಾಲಪ್ಪನವರು ವಯಸ್ಸಾದ ಸಾಧು ಮನುಷ್ಯ. ಓದಿ ತಲೆದೂಗಿದರು. ‘ಖರೇ ಐತವ್ವಾ. ಇಲ್ಲ ಅಂದವರ್ಯಾರು? ಆದ್ರ ಹಳೇದು ಅನ್ನೂದನ್ನ ಕಚೇರಿ ಮೇಜಿನ ಮ್ಯಾಲೆ ಮಾಡಿ ತೋರಿಸ್ಬೇಕು. ಅದು ಪದ್ಧತಿ.’ ಪದ್ಧತಿ ಬೀರಪ್ಪನ ಕಾಲದಿಂದಲೂ ಅದೇ. ಸಿಳ್ಳೆಯ ಸಲ ಯಾರೂ ಮೇಜಿನ ಮೇಲೆ ಬಂದು ಊದಿ ತೋರಿಸುವ ತೊಂದರೆ ತೆಗೆದುಕೊಳ್ಳದ್ದರಿಂದಲೇ ಅದು ಹೋಗಿತ್ತು.

ಹೀಗೆ ನಮ್ಮೂರಿನ ತಾಯಂದಿರು ಪೇಟೆಂಟು ಕಚೇರಿಯ ಮೇಜಿನ ಮೇಲೆ ಮಲಗಲು ಬಂದರು. ಹಾಸಿಗೆ ನನ್ನದೇ, ಆದ್ದರಿಂದ ನಾನೂ ಅಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ಕೂಸು, ಮೇಜಿನ ಮೇಲೆ ತಾಯಿ, ಸುತ್ತ ಕುರ್ಚಿ ಹಾಕಿಕೊಂಡ ಅಧಿಕಾರಿಗಳು. ಮೊದಲು ಬಂದ ಹೆಣ್ಣುಮಗಳಿಗೆ ಇಷ್ಟು ಗಂಡಸರ ಎದುರು ನಿದ್ದೆ ಎಲ್ಲಿಂದ ಬರಬೇಕು? ಸೆರಗು ಸರಿಪಡಿಸಿಕೊಳ್ಳುತ್ತ ಛಾವಣಿ ನೋಡಿ ನಕ್ಕಿದ್ದೇ ನಕ್ಕಿದ್ದು. ಇನ್ನೊಬ್ಬಳು ನಿದ್ದೆಯ ನಟನೆ ಮಾಡಿ ಕೂಸು ಅಳುವ ಮೊದಲೇ ಎದ್ದು ಕೂತಳು. ಮೂರನೆಯವಳು ಬಸಲಿಂಗವ್ವ, ಅವಳಿ ಮಕ್ಕಳ ತಾಯಿ. ದಿಂಬಿಗೆ ತಲೆ ತಾಗಿದ್ದೇ ತಡ, ಗೊರಕೆ. ನೀಲಗಂಗಾಳ ಮುಖ ಅರಳಿತು. ಪಕ್ಕದ ಕೋಣೆಯಲ್ಲಿ ಕೂಸೊಂದು ಕುಂಯ್ಗುಟ್ಟಿತು, ಆಮೇಲೆ ಅತ್ತಿತು, ಆಮೇಲೆ ಎರಡೂ ಸೇರಿ ಕಚೇರಿ ಹಾರಿಹೋಗುವಂತೆ ಕಿರುಚಿದವು. ಬಸಲಿಂಗವ್ವ ಏಳಲಿಲ್ಲ. ಕಡೆಗೆ ಅಲುಗಾಡಿಸಿ ಎಬ್ಬಿಸಿ ಕೇಳಿದರೆ, ‘ನಮ್ಮತ್ತಿ ಅಲ್ಲೇ ಅದಾರಲ್ರಿ ಕೂಸಿನ ಹಂತೇಕ! ಮತ್ಯಾಕ ನಾ ಎದ್ದಿರ್ಲಿ? ಇಂಥಾ ಚಲೋ ನಿದ್ದಿ ಹಡದಾಗಿಂದ ಆಗಿದ್ದಿಲ್ಲ ನೋಡ್ರಿ’ ಎಂದು ಹಾಸಿಗೆಯನ್ನು ಸವರಿದಳು. ಅತ್ತೆ ಎಚ್ಚರವಿದ್ದಾಳೆಂದು ಅವಳ ಕಿವಿ ತಾನಾಗಿಯೇ ಮಲಗಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ ಎಂದು ನೀಲಗಂಗಾ ವಾದಿಸಿದಳು. ಅಧಿಕಾರಿಗಳು ತಮಗೆ ಕಂಡದ್ದು ಏಳದ ತಾಯಿಯೇ ಹೊರತು ಎದ್ದ ತಾಯಿಯಲ್ಲ ಎಂದರು. ಆಕ್ಷೇಪ ಬಿದ್ದುಹೋಯಿತು.

ಆದರೆ ಸಿರಿಯಾಳ ದೊಡ್ಡ ಮನಸ್ಸಿನವನು. ಮಕ್ಕಳ ಅಳುವನ್ನು ಅಲ್ಲೇ ಬಾಗಿಲಲ್ಲಿ ನಿಂತು ಕೇಳಿದವನು ತಾನಾಗಿಯೇ ಮುಂದೆ ಬಂದ. ‘ಅಕ್ಕಾರ, ನನಗ ಯಾರ ನಿದ್ದಿನೂ ಬ್ಯಾಡ್ರಿ. ಬರೇ ಆಂಟೆನಾ ಅಂತ ಬರೀರಿ. ನನ್ನ ಪೆಟಿಗಿ ನಡದ್ರ ಸಾಕು’ ಎಂದ. ನೀಲಗಂಗಾ ಅವನ ಎದುರೇ ತಿದ್ದಿದಳು. ‘ಯಾವುದೇ ಗುಂಪು’ ಹೋಗಿ ‘ವೈರ್‌ಲೆಸ್ ಪೆಟ್ಟಿಗೆಯ ಆಂಟೆನಾಗಳು’ ಎಂದಾಯಿತು. ಹಾಲಪ್ಪನವರು ಸಂತೋಷದಿಂದ ಮುದ್ರೆ ಒತ್ತಿದರು. ಅಲ್ಲಿದ್ದವರಿಗೆಲ್ಲ ಪೇಡೆ ಹಂಚಿದರು, ನನಗೂ ಒಂದು ಸಿಕ್ಕಿತು. ನೀಲಗಂಗಾ ದಾರಿಯುದ್ದಕ್ಕೂ ಹಗುರಾಗಿ ನಡೆದು ಬಂದಳು.

ಮಾರನೆಯ ಬೆಳಿಗ್ಗೆ ನನ್ನ ಎದೆಯ ಮೇಲೆ ಏನೋ ಧೊಪ್ಪನೆ ಬಿದ್ದು ಎಚ್ಚರವಾಯಿತು. ಊರು ಸುತ್ತಿಕೊಂಡು ಬಂದ ನಮ್ಮ ಬೆಕ್ಕು ಕಿಟಕಿಯಿಂದ ನೇರ ನನ್ನ ಮೇಲೆ ಹಾರಿತ್ತು. ನಾನು ನೀರಿನಿಂದ ಮೇಲೆ ಬಂದವನಂತೆ ಉಸಿರು ಎಳೆದುಕೊಂಡೆ. ಕಣ್ಣ ಮುಂದೆ ಕಪ್ಪು ಚುಕ್ಕೆಗಳು, ಕೈಯ ಉಗುರುಗಳು ನೇರಳೆ ಹಣ್ಣಿನ ಬಣ್ಣ. ಪಕ್ಕದಲ್ಲಿ ನೀಲಗಂಗಾ ಮಗುವಿನಂತೆ ಬಾಯಿ ತೆರೆದು ಮಲಗಿದ್ದಳು. ಬಿಸಿಲು ಹಾಸಿಗೆ ಹತ್ತಿ ಅವಳ ಮೊಣಕಾಲಿನವರೆಗೆ ಬಂದಿತ್ತು. ಭುಜ ಹಿಡಿದು ಅಲುಗಾಡಿಸಿದೆ. ಮದುವೆಯಾದ ಮೇಲೆ ಅವಳನ್ನು ನಾನು ಎಬ್ಬಿಸಿದ್ದು ಅದೇ ಮೊದಲು. ಅವಳು ಕಣ್ಣು ತೆರೆದು ನಕ್ಕಳು. ಆಮೇಲೆ ನನ್ನ ತುಟಿ ನೋಡಿದಳು. ನಗು ನಿಂತಿತು.

ಬೀದಿಗೆ ಹೋದರೆ ಎಲ್ಲರ ಮುಖವೂ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಬಾಣಂತಿಯರ ಕಣ್ಣಿನ ಕೆಳಗಿನ ಕಪ್ಪು ಮಾಯವಾಗಿತ್ತು. ಕಾವಲುಗಾರ ಮುದುಕಪ್ಪ ಹತ್ತು ವರ್ಷ ಚಿಕ್ಕವನಾಗಿದ್ದ. ನಾಯಿಗಳು ಇನ್ನೂ ಕಟ್ಟೆಗಳ ಮೇಲೆ ಕಾಲು ಚಾಚಿ ಬಿದ್ದಿದ್ದವು, ಎಷ್ಟು ಕೂಗಿದರೂ ಏಳಲಿಲ್ಲ. ಇಂಥ ಒಳ್ಳೆಯ ಬೆಳಗನ್ನು ನಾನು ಕಂಡಿರಲಿಲ್ಲ, ಇಂಥ ಭಯವನ್ನೂ ಕಂಡಿರಲಿಲ್ಲ. ಯಾಕೆಂದರೆ ಊರಿನಲ್ಲಿ ಒಂದು ಕೂಸೂ ಅಳುತ್ತಿರಲಿಲ್ಲ. ಅತ್ತು ಅತ್ತು ಎಲ್ಲಕ್ಕೂ ಧ್ವನಿ ಹೋಗಿತ್ತು. ಬಸಲಿಂಗವ್ವ ಎರಡೂ ಮಕ್ಕಳನ್ನು ಎದೆಗೊತ್ತಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಮಕ್ಕಳ ಬಾಯಿ ಅಗಲವಾಗಿ ತೆರೆದಿತ್ತು, ಮುಖ ಕೆಂಪಾಗಿತ್ತು, ಸದ್ದು ಮಾತ್ರ ಇರಲಿಲ್ಲ.

ಕಚೇರಿಯಲ್ಲಿ ಹಾಲಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನೀಲಗಂಗಾ, ‘ಬರೇ ಆಂಟೆನಾ ಅಂತ ತಿದ್ದೀನಲ್ರಿ ಸಾಹೇಬ್ರ! ನೀವs ನೋಡೀರಿ!’ ಎಂದಳು. ಅವರು ತಲೆ ಎತ್ತದೆ, ‘ತಿದ್ದೀಯವ್ವಾ. ಆದ್ರ ಆಂಟೆನಾ, ತಾಯಿ ಕಿವಿ, ಎರಡೂ ಒಂದs, ಎಳ್ಳಷ್ಟೂ ಫರಕ್ ಇಲ್ಲಂತ ನಮ್ಮ ಕಚೇರಿನs ಮೊದ್ಲ ಹೇಳಿಬಿಟ್ಟಿತ್ತು. ಆ ಮಾತು ವಾಪಸ್ ತಗೊಳ್ಳೂದು ನನಗೂ ಹೊಳಿಲಿಲ್ಲ, ನಿನಗೂ ಹೊಳಿಲಿಲ್ಲ. ಒಂದಕ್ಕ ಬಿದ್ದ ಮುದ್ರಿ ಎರಡಕ್ಕೂ ಬಿತ್ತು’ ಎಂದರು. ತಾಯಂದಿರನ್ನು ಉಳಿಸಲು ಆಡಿದ ಮಾತೇ ತಾಯಂದಿರನ್ನು ಹಿಡಿದುಕೊಟ್ಟಿತ್ತು. ಬಿದ್ದ ಮುದ್ರೆಯನ್ನು ಏಳಿಸುವ ವಿಧಾನ ನಮ್ಮೂರಿನಲ್ಲಿಲ್ಲ. ಒಡೆಯ ಪೇಟೆಂಟನ್ನು ಬಿಟ್ಟುಕೊಟ್ಟರೆ ಅವಧಿ ಮುಗಿಯುವ ತನಕ ಅದು ಒಡೆಯನಿಗೂ ಇಲ್ಲದಂತಾಗುತ್ತದೆ, ಅಷ್ಟೆ. ಉಳಿದದ್ದು ಒಂದೇ ದಾರಿ. ಸಿರಿಯಾಳ ಮನೆಮನೆಗೆ ಹೋಗಿ ಒಬ್ಬೊಬ್ಬರ ಹೆಸರು ಹಿಡಿದು ಕೊಡಬೇಕು.

ಅವನು ಹೋದ, ಒಂದು ದಿನವೂ ಕೂರಲಿಲ್ಲ. ಮೊದಲು ಬಾಣಂತಿಯರು, ಆಮೇಲೆ ರೋಗಿಗಳ ಪಕ್ಕ ಮಲಗುವವರು, ಆಮೇಲೆ ಕಾವಲಿನವರು. ‘ನಿನಗ ಕೊಟ್ಟೇನಿ, ನಿನಗ ಕೊಟ್ಟೇನಿ’ ಎಂದು ಹೇಳಿ ಹೇಳಿ ಅವನ ಗಂಟಲು ಒಡೆದ ಕೊಳಲಿನಂತಾಯಿತು. ಅವನು ದಾಟಿ ಹೋದ ಓಣಿಗಳಲ್ಲಿ ಬಾಣಂತಿಯರ ಕಣ್ಣಿನ ಕೆಳಗೆ ಕಪ್ಪು ಮರಳಿತು. ಜನ ಅದನ್ನು ನೋಡಿ ಖುಷಿಪಟ್ಟರು. ಹೆಸರಿಲ್ಲದ ಬೀದಿನಾಯಿಗಳಿಗೂ ಬೆಕ್ಕುಗಳಿಗೂ ಅವನು ನಿಂತಲ್ಲೇ ಹೆಸರಿಟ್ಟು ಕೊಟ್ಟುಹೋದ.

ನಮ್ಮ ಮನೆಗೆ ಬಂದಾಗ ನೀಲಗಂಗಾ ಬಾಗಿಲಲ್ಲೇ ತಡೆದಳು. ‘ನನಗ ಬರೂದಿಲ್ಲ ಸಿರಿಯಾಳ. ನಾ ಪರೀಕ್ಷಾ ಮಾಡಿದ್ದರಾಗ ನನಗ ಪಾಲಿಲ್ಲ.’ ಪೇಟೆಂಟನ್ನು ಪರೀಕ್ಷಿಸಿದವರು ಅದರಿಂದ ಏನನ್ನೂ ಪಡೆಯುವಂತಿಲ್ಲ ಎಂಬುದು ಕಚೇರಿಯ ಹಳೆಯ ನಿಯಮ, ಲಂಚ ತಪ್ಪಿಸಲು ಮಾಡಿದ್ದು. ಕೆಲಸ ಬಿಟ್ಟರೂ ಅದು ಬೆನ್ನು ಬಿಡುವುದಿಲ್ಲ. ಸಿರಿಯಾಳ ಕೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ‘ನೀಲಗಂಗಕ್ಕಾ, ನಿನಗ ಕೊಟ್ಟೇನಿ’ ಎಂದ. ಇನ್ನೊಮ್ಮೆ ಅಂದ. ಅವಳು ಗೋಡೆಗೆ ಒರಗಿ ನಿಂತಿದ್ದವಳು ಹಾಗೇ ತೂಕಡಿಸಿದಳು. ನಾನು ಹೆಸರು ಹಿಡಿದು ಕೂಗಿದರೂ ಅವಳಿಗೆ ಕೇಳಲಿಲ್ಲ. ಮುಟ್ಟಿದ ಮೇಲೆಯೇ ಕಣ್ಣು ತೆರೆದದ್ದು.

ಬೆಕ್ಕು ಎಬ್ಬಿಸಿದ ಆ ದಿನದಿಂದಲೇ ನಾನು ಮಲಗಿದರೆ ಅವಳು ಎದ್ದು ಕೂತಿರುತ್ತಿದ್ದಳು. ಪೂರಾ ಎಚ್ಚರವಾಗಿ, ಕಾಲು ಮಡಚಿ, ಕಣ್ಣಿಗೆ ತಣ್ಣೀರು ಹಚ್ಚಿಕೊಳ್ಳುತ್ತ. ಹಗಲು ಕಚೇರಿ. ನಾನು ಎಚ್ಚರವಿರುವಾಗ ಅವಳಿಗೆ ಸಿಕ್ಕಷ್ಟು ನಿದ್ದೆ, ಅದೂ ಅಲ್ಪಸ್ವಲ್ಪ. ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಲು ನಾನು ಕಲಿತೆ, ಉಸಿರು ಅಲ್ಲೂ ನಿಂತಿತು. ನನ್ನನ್ನು ಅಲುಗಾಡಿಸಿದ ಮೇಲೆ ‘ಏನಿಲ್ರಿ’ ಎನ್ನುವ ತ್ರಾಣವೂ ಅವಳಲ್ಲಿ ಉಳಿಯಲಿಲ್ಲ. ಎಲ್ಲ ಆಂಟೆನಾಗಳನ್ನೂ ಹಚ್ಚಿಟ್ಟ ಪೆಟ್ಟಿಗೆಯಂತೆ ಅವಳು ದಿನೇ ದಿನೇ ಇಳಿದುಹೋದಳು. ನೆರೆಮನೆಯ ಕಾವಲುಗಾರ ಮುದುಕಪ್ಪ ತಾನಾಗಿ ಬಂದು ನನ್ನ ಪಕ್ಕ ಮಲಗಿ ನೋಡಿದ. ಅವನಿಗೆ ಸಿರಿಯಾಳ ಕೊಟ್ಟಾಗಿತ್ತು. ಆದರೆ ಓಣಿಯ ಆಚೆ ತುದಿಯಲ್ಲಿ ಅವನ ಆಕಳು ಕೆಮ್ಮಿದ್ದಕ್ಕೆ ಎದ್ದು ಓಡಿದನೇ ಹೊರತು ನನ್ನ ಉಸಿರಿಗೆ ಏಳಲಿಲ್ಲ. ‘ತಪ್ಪು ತಿಳೀಬ್ಯಾಡಪಾ ಗುರುಶಾಂತ. ಕಿವಿ ತನ್ನವ್ರನ್ನs ಹುಡುಕ್ತೈತಿ, ನಾ ಏನ್ ಮಾಡ್ಲಿ?’ ಎಂದ. ತಪ್ಪೇನೂ ತಿಳಿಯಲಿಲ್ಲ. ನನ್ನವರು ಅಂತ ನನಗಿದ್ದವಳು ಒಬ್ಬಳೇ.

ಕಚೇರಿಯ ಮೆಟ್ಟಿಲ ಮೇಲೆ ಅವಳು ಕುಸಿದು ಬಿದ್ದಳೆಂದು ಹೇಳಿಕಳಿಸಿದ ದಿನ ನನ್ನ ತಲೆ ಓಡಿತು. ಅವಳನ್ನು ಮನೆಗೆ ಕರೆತಂದು ಮಲಗಿಸಿ ನಾನು ಸಿರಿಯಾಳನ ಅಂಗಡಿಗೆ ಹೋದೆ. ಅವನು ಮಾತಿಲ್ಲದ ಅಣ್ಣನ ಪಕ್ಕ ಕೂತು ಬೆಸುಗೆ ಹಾಕುತ್ತಿದ್ದ. ‘ನನಗs ಕೊಡು’ ಎಂದೆ. ‘ನಿಮಗಾ? ಯಾರನ್ನ ಕಾಯಾಕ್ರಿ?’ ‘ನನ್ನನ್ನs. ನನ್ನ ಉಸಿರು ನಿಂತ್ರ ನನ್ನ ಕಿವಿನs ನನ್ನನ್ನ ಎಬ್ಬಿಸ್ಲಿ. ನನ್ನ ಕಿವಿಗೆ ನನಗಿಂತಾ ತನ್ನವರು ಯಾರದಾರು?’ ಸಿರಿಯಾಳ ಕೈಯಲ್ಲಿದ್ದುದನ್ನು ಕೆಳಗಿಟ್ಟ. ‘ಎಲ್ಲಾರೂ ಮತ್ತೊಬ್ಬರ ಸಲುವಾಗಿ ಕೇಳಿದ್ರು. ತನ್ನ ಸಲುವಾಗಿ ಯಾರೂ ಕೇಳಿಲ್ರಿ’ ಎಂದ. ಒಂದು ಗಳಿಗೆ ಅಣ್ಣನ ಕಡೆ ನೋಡಿದ. ‘ಗುರುಶಾಂತಣ್ಣಾ, ಪೆಟಿಗಿಯೊಳಗ ಕರೆಯೂ ಬರದ, ಮಾತೂ ಇಲ್ಲದ ಹೊತ್ತು ಇರ್ತೈತಲ್ಲ, ಅದು ಖಾಲಿ ಇರೂದಿಲ್ರಿ. ಒಂಟಿ ಆಂಟೆನಾ ಅದನ್ನ ಕೇಳ್ಕೋತ ಕುಂದರಬೇಕಾಕ್ಕೈತಿ. ನಮ್ಮಣ್ಣ ಗಾಡ್ಯಾಗ ಏನ್ ಕೇಳಿದ್ನೋ, ಇನ್ನೂ ಹೇಳಿಲ್ಲ.’ ನಾನು, ‘ಕೊಡಪಾ, ನೋಡೂಣು’ ಎಂದೆ. ಅವನು ನನ್ನ ಹೆಸರು ಹಿಡಿದು ಕೊಟ್ಟ. ನನಗೇನೂ ಆದಂತೆ ಅನ್ನಿಸಲಿಲ್ಲ.

ಆವತ್ತು ಮಧ್ಯಾಹ್ನ ಊಟವಾದ ಮೇಲೆ ವಿಷಯ ಹೇಳಿದೆ. ಅವಳು ಖುಷಿಪಡಬಹುದು ಎಂದುಕೊಂಡಿದ್ದೆ. ‘ಬ್ಯಾಡಾಗಿತ್ತು. ನೀವು ಕೇಳಬಾರ್ದಾಗಿತ್ತು’ ಎಂದಳು. ಆದರೆ ಅವಳಲ್ಲಿ ಜಗಳವಾಡುವ ಶಕ್ತಿಯೂ ಇರಲಿಲ್ಲ. ಬಾಗಿಲ ಕಡೆ ಕೂತವಳು ಹಾಗೇ ದಿಂಬಿಗೆ ಒರಗಿದಳು, ನಿದ್ದೆ ಅವಳನ್ನು ಎಳೆದುಕೊಂಡು ಹೋಯಿತು. ಹೆಂಚಿನ ಗಾಜಿನಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಬೆಕ್ಕು ಅದರಲ್ಲಿ ಮಲಗಿತ್ತು. ನಾನು ಗೋಡೆಯ ಪಕ್ಕ ಕಣ್ಣು ಮುಚ್ಚಿದೆ.

ನಿದ್ದೆಯಲ್ಲಿದ್ದೂ ಕೇಳುವುದು ಹೇಗಿರುತ್ತದೆಂದು ನನಗೆ ಅಂದೇ ತಿಳಿದದ್ದು. ನಾನು ಇರಲಿಲ್ಲ, ನನ್ನ ಕಿವಿ ಇತ್ತು. ಅದರ ಮುಂದೆ ನನ್ನ ಉಸಿರು ಹೋಗುತ್ತ ಬರುತ್ತ ಇತ್ತು, ಬೇರೆ ಯಾರದೋ ಎನ್ನುವಂತೆ. ಆಮೇಲೆ ನಿಂತಿತು. ಎಂಥ ಸುಖದ ಮೌನ ಅದು! ಹೆದರಿಕೆಯೇ ಇಲ್ಲ. ಎಬ್ಬಿಸಬೇಕು ಎಂದು ಕಿವಿಗೆ ನೆನಪಾಗುವ ಮೊದಲೇ ಆ ಮೌನದ ಆ ಕಡೆಯಿಂದ ಸದ್ದು ಬಂತು. ಹತ್ತಿಯ ಮೇಲೆ ಅಂಗೈ ತಟ್ಟುವ ಸದ್ದು. ಮೆತ್ತಗೆ, ಒಂದಾದ ಮೇಲೆ ಒಂದು. ನಂತರ, ನಾನು ಎಷ್ಟೋ ವರ್ಷದಿಂದ ಕೇಳದ ಧ್ವನಿ, ಪ್ರೀತಿ ತುಂಬಿಕೊಂಡು: ‘ಸಾಕ್ ಬಿಡು, ಮಲಕೋ.’

ನಾನು ಹೇಗೆ ಎದ್ದೆನೋ ಗೊತ್ತಿಲ್ಲ. ಏಳಲು ಮನಸ್ಸಿರಲಿಲ್ಲ, ಅದಂತೂ ನಿಜ. ಅಪ್ಪ ಅಂದರೆ ಕೇಳುವ ಮಗ ನಾನು. ಒಡೆದ ಬಟ್ಟಲಿನ ಚೂರುಗಳನ್ನು ಆರಿಸುತ್ತಿದ್ದ ನೀಲಗಂಗಾಳ ಬಾಗಿದ ತಲೆ ಕಣ್ಣ ಮುಂದೆ ಬಂತು. ಅದೊಂದನ್ನು ಹಿಡಿದುಕೊಂಡು ಮೇಲೆ ಬಂದೆ. ಉಸಿರು ಎಳೆದುಕೊಂಡ ಸದ್ದಿಗೆ ಬೆಕ್ಕು ಎದ್ದು ಓಡಿತು. ಇಷ್ಟು ವರ್ಷ ಈ ಹೆಣ್ಣು ಇದನ್ನು ಕೇಳುತ್ತ ಮಲಗಿದ್ದಳಲ್ಲ ಎಂದು ನನಗೆ ಅಳು ಬಂತು. ಪ್ರತಿ ಸಲ ನನ್ನ ಭುಜ ಹಿಡಿದು ಎಳೆದಾಗ ಇನ್ನೊಂದು ಕಡೆಯಿಂದ ಅಪ್ಪ ಎಳೆಯುತ್ತಿದ್ದ; ಅವಳು ಬಾಗಿಲ ಕಡೆ ಮಲಗಿದ್ದು ಗಾಳಿಗಲ್ಲ. ಬೆಳಿಗ್ಗೆ ಎದ್ದು ಅದೇ ಬಾಯಿಂದ ‘ಏನಿಲ್ರಿ’ ಎಂದು ಹೇಳಿ ನನಗೆ ರೊಟ್ಟಿ ಬಡಿದುಕೊಟ್ಟಿದ್ದಳು.

ನನ್ನ ಕೈ ತಾಗಿ ಅವಳಿಗೆ ಎಚ್ಚರವಾಯಿತು. ‘ಏನಾತ್ರಿ?’ ಎಂದಳು. ‘ಏನಿಲ್ಲ, ಮಲಕೋ’ ಎಂದೆ. ಹೇಳಿದ ಮೇಲೆ ನನಗೇ ಕೇಳಿಸಿತು. ಅವಳು ನನ್ನ ಮುಖವನ್ನೇ ದಿಟ್ಟಿಸಿದಳು. ಮೊದಲ ಸಲ ಆ ಉತ್ತರ ಕೇಳುವ ಸರದಿ ಅವಳದಾಗಿತ್ತು. ಅದರ ಹಿಂದೆ ಏನಿರುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ಮಾವನವ್ರು ಎಲ್ಲಿಗೆ ಬಂದಾರ?’ ಎಂದು ಮೆಲ್ಲಗೆ ಕೇಳಿದಳು.

‘ಬಾಗಿಲದಾಗ ನಿಂತಂಗ ಕೇಳಿಸ್ತು’ ಎಂದೆ.

ಅವಳು ಬಿಟ್ಟ ಉಸಿರಿನಲ್ಲಿ ನೆಮ್ಮದಿಯಿತ್ತು. ‘ಹಂಗಾರ ದೂರ ಅದಾರ ಬಿಡ್ರಿ. ನಾನು ನಿಮ್ಮ ಎದಿ ಮ್ಯಾಲಿಂದ ಅವರ ಕೈ ತಗದೀನಿ’ ಎಂದಳು. ಆಮೇಲೆ ತನ್ನ ದಿಂಬನ್ನು ಎಳೆದುಕೊಂಡು ಗೋಡೆಯ ಕಡೆಗೆ ಸರಿದಳು. ನಾನು ಎದ್ದು ಅವಳನ್ನು ದಾಟಿ ಬಾಗಿಲ ಕಡೆಗೆ ಬಂದು ಮಲಗಿದೆ.